ಲ್ಯಾಪ್‌ಟಾಪ್‌ನಲ್ಲಿ ಕಾರ್ಯಾಚರಣಾ ವ್ಯವಸ್ಥೆ ಅಳವಡಿಸುವಾಗ ಡ್ರೈವ್ ಕಾಣದಿದ್ದಲ್ಲಿ ಅನುಸರಿಸಬೇಕಾದ ಕ್ರಮಗಳು

ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿದ್ದು, ಅನೇಕ ಬಳಕೆದಾರರು ವಿಂಡೋಸ್ 11 ಅನ್ನು ಹೊಸದಾಗಿ ಅಳವಡಿಸಿಕೊಳ್ಳುತ್ತಿದ್ದಾರೆ. ಈ ಸಂದರ್ಭದಲ್ಲಿ, ಅದುವರೆಗೆ ಸರಿಯಾಗಿದ್ದ ಡ್ರೈವ್ ಅಳವಡಿಕೆಯ ಪರದೆಯಲ್ಲಿ ಕಾಣದೇ ಹೋಗುವುದುಂಟು. ಪಾಂಡವಪುರ ತಾಲ್ಲೂಕಿನ ಚಿನಕುರಳಿಯಂತಹ ಹೋಬಳಿ ಕೇಂದ್ರಗಳ ಬಳಕೆದಾರರು ದುರಸ್ತಿಗಾಗಿ ಮಂಡ್ಯ ಅಥವಾ ಮೈಸೂರಿಗೆ ತೆರಳುವ ಮುನ್ನ ತಾವೇ ಪರಿಶೀಲಿಸಬಹುದಾದ ಅಂಶಗಳನ್ನು ಈ ಕೆಳಗೆ ನೀಡಲಾಗಿದೆ. ಡ್ರೈವ್ ಕಾಣುತ್ತಿಲ್ಲವೆಂದ ಮಾತ್ರಕ್ಕೆ ಅದು ಕೆಟ್ಟಿದೆಯೆಂದಾಗಲಿ, ಅದರಲ್ಲಿನ ಕಡತಗಳು ನಾಶವಾಗಿವೆಯೆಂದಾಗಲಿ ಭಾವಿಸತಕ್ಕದ್ದಲ್ಲ.

ಕಾರಣಗಳು

ಇಂಟೆಲ್ ಸಂಸ್ಥೆಯು 2020ರಲ್ಲಿ ಹೊರತಂದ 11ನೇ ಪೀಳಿಗೆಯ ಹಾಗೂ ನಂತರದ ಪ್ರೊಸೆಸರ್‌ಗಳುಳ್ಳ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿಯು ವಿಎಂಡಿ ಎಂಬ ನಿಯಂತ್ರಕದ ಮೂಲಕ ಸಂಪರ್ಕ ಹೊಂದಿರುತ್ತದೆ. ಇದಕ್ಕೆ ಬೇಕಾದ ಡ್ರೈವರ್ ತಂತ್ರಾಂಶವು ಅಳವಡಿಕೆಯ ಪೆನ್‌ಡ್ರೈವ್‌ನಲ್ಲಿ ಇಲ್ಲದಿದ್ದಲ್ಲಿ ಎಸ್‌ಎಸ್‌ಡಿ ಪಟ್ಟಿಯಲ್ಲಿ ಕಾಣುವುದಿಲ್ಲ. ಈ ತೊಂದರೆ ಹೊಸದೇನಲ್ಲ. 2001ರ ವಿಂಡೋಸ್ ಎಕ್ಸ್‌ಪಿ ಅಳವಡಿಸುವಾಗಲೂ ಎಫ್6 ಕೀ ಒತ್ತಿ ಫ್ಲಾಪಿಯಿಂದ ಡ್ರೈವರ್ ನೀಡಬೇಕಾದ ಸಂದರ್ಭಗಳಿದ್ದವು.

ಮೊದಲು ಕಂಡು, ಅಳವಡಿಕೆಯ ನಡುವೆ ಡ್ರೈವ್ ಮರೆಯಾದಲ್ಲಿ, ಸಂಪರ್ಕ ಸಡಿಲವಾಗಿರುವ ಅಥವಾ ಡ್ರೈವ್ ಶಿಥಿಲಗೊಂಡಿರುವ ಸಾಧ್ಯತೆ ಹೆಚ್ಚು.

ಪ್ರಥಮ ಪರಿಶೀಲನೆ

ಲ್ಯಾಪ್‌ಟಾಪ್ ಚಾಲೂ ಮಾಡಿದ ಕೂಡಲೇ, ತಯಾರಕರನ್ನು ಅವಲಂಬಿಸಿ ಎಫ್2, ಎಫ್10 ಅಥವಾ ಡಿಲೀಟ್ ಕೀ ಒತ್ತಿ ಬಯೋಸ್ ಪರದೆಯನ್ನು ತೆರೆಯಬೇಕು.

ಅ) ಅಲ್ಲಿ ಡ್ರೈವ್‌ನ ಹೆಸರು ಇದ್ದಲ್ಲಿ, ಬಹುತೇಕ ಡ್ರೈವರ್ ಕೊರತೆಯೇ ಕಾರಣ.
ಆ) ಅಲ್ಲಿಯೂ ಇಲ್ಲದಿದ್ದಲ್ಲಿ, ದೋಷವು ಯಂತ್ರಾಂಶದ್ದಾಗಿರುವ ಸಂಭವವಿದ್ದು, ತಂತ್ರಜ್ಞರಿಗೆ ತೋರಿಸುವುದು ಸೂಕ್ತ.

ಡ್ರೈವರ್ ಒದಗಿಸುವ ವಿಧಾನ

1. ಲ್ಯಾಪ್‌ಟಾಪ್‌ನ ಮಾದರಿ ಸಂಖ್ಯೆಯನ್ನು ಗುರುತು ಮಾಡಿಕೊಂಡು, ಬೇರೊಂದು ಗಣಕಯಂತ್ರದಲ್ಲಿ ತಯಾರಕರ ಜಾಲತಾಣದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ ಡ್ರೈವರನ್ನು ಪಡೆಯಬೇಕು.
2. ಪಡೆದ ಕಡತವನ್ನು ಬಿಚ್ಚಿ ಪೆನ್‌ಡ್ರೈವ್‌ಗೆ ನಕಲು ಮಾಡಬೇಕು. ಫೋಲ್ಡರ್‌ನಲ್ಲಿ 'ಐಎನ್‌ಎಫ್' ಎಂದು ಕೊನೆಗೊಳ್ಳುವ ಕಡತವಿರುವುದನ್ನು ಖಚಿತಪಡಿಸಿಕೊಳ್ಳಬೇಕು.
3. ಡ್ರೈವ್ ಆಯ್ಕೆಯ ಪರದೆಯಲ್ಲಿ 'ಲೋಡ್ ಡ್ರೈವರ್', ನಂತರ 'ಬ್ರೌಸ್' ಒತ್ತಿ ಆ ಫೋಲ್ಡರನ್ನು ಆರಿಸಬೇಕು.
4. ಪಟ್ಟಿಯಲ್ಲಿ ವಿಎಂಡಿ ಡ್ರೈವರನ್ನು ಆರಿಸಿ ಮುಂದುವರಿದಲ್ಲಿ ಡ್ರೈವ್ ಕಾಣಿಸಿಕೊಳ್ಳುತ್ತದೆ.
5. ಅಳವಡಿಕೆಯ ಪೆನ್‌ಡ್ರೈವ್ ಕೂಡ ಪಟ್ಟಿಯಲ್ಲಿ ಇರಬಹುದಾದ್ದರಿಂದ, ಸಾಮರ್ಥ್ಯವನ್ನು ತಾಳೆ ನೋಡಿಯೇ ಡ್ರೈವ್ ಆರಿಸಬೇಕು.

ಎಚ್ಚರಿಕೆ ವಹಿಸಬೇಕಾದ ಅಂಶಗಳು

ಬಯೋಸ್‌ನಲ್ಲಿ ವಿಎಂಡಿಯನ್ನು ನಿಷ್ಕ್ರಿಯಗೊಳಿಸಿದರೂ ಡ್ರೈವ್ ಕಾಣಬಹುದು. ಆದರೆ ಈಗಾಗಲೇ ಇರುವ ವಿಂಡೋಸ್ ಆರಂಭವಾಗದೇ ಹೋಗುವ ಸಂಭವವಿರುವುದರಿಂದ, ಹಳೆಯ ವ್ಯವಸ್ಥೆಯನ್ನು ಉಳಿಸಿಕೊಳ್ಳಬೇಕಾದವರು ಈ ಮಾರ್ಗವನ್ನು ಅನುಸರಿಸಬಾರದು.

ಬಿಟ್‌ಲಾಕರ್ ಭದ್ರತೆ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಬಯೋಸ್ ಬದಲಾವಣೆಯ ನಂತರ 48 ಅಂಕಿಗಳ ಮರುಪಡೆಯುವ ಕೀಯನ್ನು ಕೇಳಬಹುದು. ಅದಿಲ್ಲದೆ ಕಡತಗಳು ತೆರೆಯುವುದಿಲ್ಲವಾದ್ದರಿಂದ, ಅದನ್ನು ಮೊದಲೇ ಬರೆದಿಟ್ಟುಕೊಳ್ಳತಕ್ಕದ್ದು.

ಪರದೆಯಲ್ಲಿನ 'ಡಿಲೀಟ್' ಮತ್ತು 'ಫಾರ್ಮ್ಯಾಟ್' ಗುಂಡಿಗಳಾಗಲಿ, ಡಿಸ್ಕ್‌ಪಾರ್ಟ್‌ನ 'ಕ್ಲೀನ್' ಆದೇಶವಾಗಲಿ ಡ್ರೈವನ್ನು ಖಾಲಿ ಮಾಡಲು ಇರುವಂಥವು. ಕಾಣದ ಡ್ರೈವನ್ನು ಕಾಣುವಂತೆ ಮಾಡಲು ಅವುಗಳನ್ನು ಬಳಸಬಾರದು. ಪಹಣಿ ಪ್ರತಿಗಳು, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಂತಹ ದಾಖಲೆಗಳನ್ನು ಕಚೇರಿಯಿಂದ ಮತ್ತೆ ಪಡೆಯಬಹುದು. ವಿದ್ಯಾರ್ಥಿಯ ಯೋಜನಾ ವರದಿ, ಮನೆಯವರ ಛಾಯಾಚಿತ್ರಗಳು ಹಾಗೆ ದೊರಕುವಂಥವಲ್ಲ. ಆದ್ದರಿಂದ ಅಳವಡಿಕೆಗೆ ಮುನ್ನ ಎಲ್ಲ ಕಡತಗಳನ್ನು ಹೊರಗಿನ ಡ್ರೈವ್‌ಗೆ ನಕಲು ಮಾಡಿಕೊಳ್ಳುವುದು ಅಗತ್ಯ.

ವಿಶೇಷ ಸೂಚನೆ

ಹಳೆಯ ನುಡಿ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಕಡತಗಳು ಅಳವಡಿಕೆಯ ನಂತರ ಅರ್ಥವಾಗದ ರೋಮನ್ ಅಕ್ಷರಗಳಂತೆ ಕಂಡಲ್ಲಿ ಗಾಬರಿಪಡುವ ಅಗತ್ಯವಿಲ್ಲ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶದ ಅಕ್ಷರಶೈಲಿಗಳನ್ನು ಮರಳಿ ಅಳವಡಿಸಿದಲ್ಲಿ ಅವು ಮೊದಲಿನಂತೆ ಕನ್ನಡದಲ್ಲಿ ಕಾಣುತ್ತವೆ.