ಕುರ್ಚಿಯ ಪಕ್ಕದವರ ಪರವಾನಗಿ: ಅಮೆರಿಕದಲ್ಲಿ ದಂತ ಸಹಾಯಕರ ಅರ್ಹತಾ ನಿಯಮಗಳು ಬೆಳೆದು ಬಂದ ಬಗೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವೃತ್ತಿ ಪರವಾನಗಿ ನೀಡುವ ಅಧಿಕಾರ ಒಕ್ಕೂಟ ಸರ್ಕಾರದ ಕೈಯಲ್ಲಿಲ್ಲ; ಅದು ಆಯಾ ರಾಜ್ಯಗಳಿಗೆ ಸೇರಿದ್ದು. ದಂತವೈದ್ಯ ವೃತ್ತಿಯನ್ನು ನಿಯಂತ್ರಿಸುವ ಮೊದಲ ಕಾನೂನು 1841ರಲ್ಲಿ ಅಲಬಾಮ ರಾಜ್ಯದಲ್ಲಿ ಬಂದಿತು. ಚಿಕಿತ್ಸಾ ವೃತ್ತಿಗೆ ಪರವಾನಗಿಯನ್ನು ಕಡ್ಡಾಯಗೊಳಿಸುವ ರಾಜ್ಯಗಳ ಹಕ್ಕನ್ನು ದೇಶದ ಸುಪ್ರೀಂ ಕೋರ್ಟ್ 1889ರಲ್ಲಿ, ವೆಸ್ಟ್ ವರ್ಜೀನಿಯಾದ ವೈದ್ಯನೊಬ್ಬನ ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. ಈ ಏರ್ಪಾಡಿನ ಫಲವಾಗಿ, ದಂತ ಸಹಾಯಕರಾಗಲು ಯಾವ ಅರ್ಹತೆ ಬೇಕೆಂಬ ಪ್ರಶ್ನೆಗೆ ಆ ದೇಶದಲ್ಲಿ ಇಂದಿಗೂ ಒಂದೇ ಉತ್ತರವಿಲ್ಲ. ಒಂದು ರಾಜ್ಯದಲ್ಲಿ ಯಾವ ಪರೀಕ್ಷೆಯನ್ನೂ ಬರೆಯದವರು ಕೆಲಸಕ್ಕೆ ಸೇರಬಹುದಾದರೆ, ಇನ್ನೊಂದು ರಾಜ್ಯದಲ್ಲಿ ಅದೇ ಕೆಲಸದ ಒಂದು ಭಾಗಕ್ಕೆ ಪರವಾನಗಿ ಬೇಕಾಗುತ್ತದೆ. ಮೇಲ್ನೋಟಕ್ಕೆ ಗೊಂದಲವಾಗಿ ಕಾಣುವ ಈ ವೈವಿಧ್ಯದೊಳಗೆ ಒಂದು ಸ್ಪಷ್ಟ ಸೂತ್ರವಿದೆ: ಕಾನೂನು ಸಹಾಯಕ ವ್ಯಕ್ತಿಯನ್ನು ಅಳೆಯಲು ಹೋಗದೆ, ಆ ವ್ಯಕ್ತಿ ಮಾಡುವ ಒಂದೊಂದು ಕೆಲಸವನ್ನು ಅಳೆಯುತ್ತ ಬಂದಿದೆ, ಅಪಾಯ ಎಲ್ಲಿ ಕಂಡಿತೋ ಅಲ್ಲಿ ಮೊದಲು ಅನುಮತಿ ಪತ್ರವನ್ನು ಕೇಳಿದೆ.

ಚರಿತ್ರೆಗೆ ಹೋಗುವ ಮುನ್ನ ಮೂರು ವ್ಯವಸ್ಥೆಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಪರವಾನಗಿ ಎಂದರೆ ಅದಿಲ್ಲದೆ ಆ ಕೆಲಸವನ್ನು ಮಾಡುವುದೇ ಅಪರಾಧವಾಗುವಂತಹ, ರಾಜ್ಯ ನೀಡುವ ಅನುಮತಿ. ನೋಂದಣಿ ಎಂದರೆ ರಾಜ್ಯದ ಪಟ್ಟಿಯಲ್ಲಿ ಹೆಸರು ದಾಖಲಾಗುವುದು; ಇದಕ್ಕೆ ಕೆಲವೆಡೆ ಪರೀಕ್ಷೆಯುಂಟು, ಕೆಲವೆಡೆ ಅರ್ಜಿ ಮತ್ತು ಶುಲ್ಕವಷ್ಟೇ ಸಾಕು. ಪ್ರಮಾಣೀಕರಣವು ಖಾಸಗಿ ವೃತ್ತಿಸಂಸ್ಥೆಯೊಂದು ಪರೀಕ್ಷೆ ನಡೆಸಿ ಕೊಡುವ ಮನ್ನಣೆಯಾಗಿದ್ದು, ರಾಜ್ಯ ಅದನ್ನು ಒಪ್ಪಿಕೊಂಡಾಗ ಮಾತ್ರ ಕಾನೂನಿನ ಬಲ ಪಡೆಯುತ್ತದೆ.

ದಂತ ಸಹಾಯಕ ವೃತ್ತಿಯ ಆರಂಭವನ್ನು ಸಾಮಾನ್ಯವಾಗಿ 1885ಕ್ಕೆ ಗುರುತಿಸಲಾಗುತ್ತದೆ. ಆ ವರ್ಷ ನ್ಯೂ ಆರ್ಲಿಯನ್ಸ್‌ನ ದಂತವೈದ್ಯ ಸಿ. ಎಡ್ಮಂಡ್ ಕೆಲ್ಸ್ ಅವರು ಮಾಲ್ವಿನಾ ಕ್ವೇರಿಯಾ ಎಂಬಾಕೆಯನ್ನು ನೇಮಿಸಿಕೊಂಡರು. ಹೆಂಗಸರು ಒಂಟಿಯಾಗಿ ದಂತವೈದ್ಯರ ಕೋಣೆಗೆ ಹೋಗಲು ಹಿಂಜರಿಯುತ್ತಿದ್ದ ಆ ಕಾಲದಲ್ಲಿ ಚಿಕಿತ್ಸಾಲಯದಲ್ಲಿ ಮಹಿಳೆಯೊಬ್ಬರಿರುವುದೇ ರೋಗಿಗಳಿಗೆ ಭರವಸೆಯಾಗಿತ್ತು. ಅರ್ಹತೆಯ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಇದಕ್ಕೆ ಹೋಲಿಸಿದರೆ ದಂತ ನೈರ್ಮಲ್ಯ ತಜ್ಞರ, ಅಂದರೆ ಹೈಜೀನಿಸ್ಟರ, ಹಾದಿ ಬೇರೆಯಾಯಿತು. ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟಿನಲ್ಲಿ ಆಲ್‌ಫ್ರೆಡ್ ಫೋನ್ಸ್ 1906ರಲ್ಲಿ ತಮ್ಮ ಸಹಾಯಕಿ ಐರೀನ್ ನ್ಯೂಮನ್ ಅವರಿಗೆ ಹಲ್ಲಿನ ಕಿಟ್ಟವನ್ನು ತೆಗೆಯುವ ತರಬೇತಿ ನೀಡಿದರು. 1917ರಲ್ಲಿ ಆಕೆ ಹೈಜೀನಿಸ್ಟ್ ಪರವಾನಗಿ ಪಡೆದ ಮೊದಲಿಗರಾದರು. ರೋಗಿಯ ಬಾಯಿಯೊಳಗೆ ಸ್ವತಃ ಉಪಕರಣ ಹಿಡಿದವರಿಗೆ ಪರವಾನಗಿ ಬಂದಿತು, ಉಪಕರಣವನ್ನು ತೊಳೆದು ಎತ್ತಿಕೊಡುವವರಿಗೆ ಬರಲಿಲ್ಲ.

ರಾಜ್ಯ ಕೊಡದಿದ್ದ ಮನ್ನಣೆಯನ್ನು ಸಹಾಯಕಿಯರು ತಾವೇ ಕಟ್ಟಿಕೊಳ್ಳಲು ಹೊರಟದ್ದು ಈ ಚರಿತ್ರೆಯ ಅತ್ಯಂತ ಗೌರವಾರ್ಹ ಅಧ್ಯಾಯ. ನ್ಯೂಯಾರ್ಕಿನ ಜೂಲಿಯೆಟ್ ಸದರ್ಡ್ ಅವರ ನಾಯಕತ್ವದಲ್ಲಿ 1924ರಲ್ಲಿ ಅಮೆರಿಕನ್ ದಂತ ಸಹಾಯಕರ ಸಂಘ ಹುಟ್ಟಿತು. ಅದು ತನ್ನ ಧ್ಯೇಯವಾಕ್ಯದಲ್ಲಿ ಶಿಕ್ಷಣಕ್ಕೆ ಮೊದಲ ಸ್ಥಾನ ಕೊಟ್ಟಿತು. 1948ರಲ್ಲಿ ಸಂಘದೊಳಗೆ ರೂಪುಗೊಂಡ ಪರೀಕ್ಷಾ ಮಂಡಳಿಯೇ ಇಂದು ಡ್ಯಾನ್‌ಬಿ ಎಂಬ ಸಂಕ್ಷಿಪ್ತ ಹೆಸರಿನಿಂದ ಪರಿಚಿತವಾಗಿರುವ ದಂತ ಸಹಾಯಕರ ರಾಷ್ಟ್ರೀಯ ಮಂಡಳಿ. ಅದು ನೀಡುವ ಪ್ರಮಾಣೀಕೃತ ದಂತ ಸಹಾಯಕ ಮನ್ನಣೆಗೆ ಮೂರು ಪರೀಕ್ಷೆಗಳಿವೆ: ಕುರ್ಚಿಯ ಪಕ್ಕದ ಸಾಮಾನ್ಯ ಸಹಾಯ, ವಿಕಿರಣ ಸುರಕ್ಷತೆ, ಸೋಂಕು ನಿಯಂತ್ರಣ. ಮಾನ್ಯತೆ ಪಡೆದ ತರಬೇತಿಯನ್ನು ಮುಗಿಸಿದವರು ಇದಕ್ಕೆ ಕೂರಬಹುದು. ಪ್ರೌಢಶಿಕ್ಷಣ ಮುಗಿಸಿ ಕನಿಷ್ಠ 3,500 ಗಂಟೆಗಳ ಕೆಲಸದ ಅನುಭವ ಪಡೆದವರಿಗೂ ಬಾಗಿಲು ತೆರೆದಿದೆ. ಮನ್ನಣೆಯನ್ನು ಉಳಿಸಿಕೊಳ್ಳಲು ವರ್ಷಕ್ಕೆ 12 ಅಂಕಗಳ ಮುಂದುವರಿಕೆ ಶಿಕ್ಷಣ ಬೇಕು. ಕೆಲಸದಿಂದಲೇ ಕಲಿತವರನ್ನು ಹೊರಗಿಡದೆ, ಕಲಿತದ್ದನ್ನು ಪರೀಕ್ಷೆಯಿಂದ ಸಾಬೀತುಪಡಿಸಲು ಕೇಳುವ ಈ ಕ್ರಮ, ಮುಂದೆ ರಾಜ್ಯಗಳು ಮಾಡಿದ ಅನೇಕ ನಿಯಮಗಳಿಗಿಂತ ನ್ಯಾಯವಾದದ್ದು.

ಎರಡನೆಯ ಮಹಾಯುದ್ಧದ ನಂತರ ದಂತವೈದ್ಯರ ಕೊರತೆಯ ಆತಂಕ ಹೆಚ್ಚಿದಾಗ ಸಹಾಯಕರ ಕೆಲಸದ ಸ್ವರೂಪವೇ ಬದಲಾಯಿತು. ವೈದ್ಯರೂ ಸಹಾಯಕರೂ ಕುರ್ಚಿಯ ಎರಡು ಬದಿಗಳಲ್ಲಿ ಕುಳಿತು ಏಕಕಾಲಕ್ಕೆ ಕೆಲಸ ಮಾಡುವ ‘ನಾಲ್ಕು ಕೈಗಳ’ ಪದ್ಧತಿಯನ್ನು ಕಲಿಸಲು 1960ರ ದಶಕದಲ್ಲಿ ದಂತವೈದ್ಯ ಕಾಲೇಜುಗಳಿಗೆ ಒಕ್ಕೂಟ ಸರ್ಕಾರದ ಹಣ ಹರಿದುಬಂದಿತು. ಅದರ ಬೆನ್ನಲ್ಲೇ ವೈದ್ಯರು ಕೊರೆದ ಕುಳಿಗೆ ಮಿಶ್ರಣ ತುಂಬುವುದು, ಹಲ್ಲಿನ ಮೇಲ್ಮೈಗೆ ಹೊಳಪು ಕೊಡುವುದು ಮುಂತಾದ ‘ವಿಸ್ತೃತ ಕಾರ್ಯ’ಗಳನ್ನು ತರಬೇತಿ ಪಡೆದ ಸಹಾಯಕರಿಗೆ ವಹಿಸುವ ಪ್ರಯೋಗಗಳು ನಡೆದವು. ರಾಜ್ಯಗಳು ತಮ್ಮ ಕಾನೂನುಗಳನ್ನು ತಿದ್ದಿ, ಯಾವ ಕೆಲಸವನ್ನು ವೈದ್ಯರ ಕಣ್ಣೆದುರಿಗೇ ಮಾಡಬೇಕು, ಯಾವುದನ್ನು ಅವರು ಕಟ್ಟಡದಲ್ಲಿದ್ದರೆ ಸಾಕೆಂಬಂತೆ ಮಾಡಬಹುದು, ಯಾವುದನ್ನು ಅವರ ಮುಂಚಿನ ಅನುಮತಿಯ ಮೇಲೆ ಮಾಡಬಹುದು ಎಂದು ಮೇಲ್ವಿಚಾರಣೆಯ ಹಂತಗಳನ್ನು ಗೊತ್ತುಪಡಿಸಿದವು.

ಆದರೆ ನಿಯಮಗಳಿಗೆ ನಿಜವಾದ ಒತ್ತಡ ಬಂದದ್ದು ಎರಡು ಅಪಾಯಗಳಿಂದ. ಮೊದಲನೆಯದು ಎಕ್ಸ್-ರೇ. ಸಹಾಯಕಿಯನ್ನು ನೇಮಿಸಿಕೊಂಡ ಅದೇ ಕೆಲ್ಸ್, 1896ರಲ್ಲಿ ಅಮೆರಿಕದಲ್ಲಿ ಹಲ್ಲಿನ ಎಕ್ಸ್-ರೇ ತೆಗೆದ ಮೊದಲಿಗರಲ್ಲೂ ಒಬ್ಬರು. ವಿಕಿರಣದ ಹಾನಿಯಿಂದ ಬೆರಳುಗಳನ್ನೂ ಕೊನೆಗೆ ಕೈಯನ್ನೂ ಕಳೆದುಕೊಂಡು ಅವರು 1928ರಲ್ಲಿ ತೀರಿಕೊಂಡರು. ಹೀಗಿದ್ದರೂ ಯಂತ್ರದ ಗುಂಡಿ ಒತ್ತುವವರ ಅರ್ಹತೆಯ ಬಗ್ಗೆ ಒಕ್ಕೂಟ ಮಟ್ಟದ ಕಾನೂನು ಬರಲು 1981ರವರೆಗೆ ಕಾಯಬೇಕಾಯಿತು. ಆ ಕಾನೂನು ಕೂಡ ಕನಿಷ್ಠ ಮಾನದಂಡಗಳನ್ನು ರೂಪಿಸಿ, ಅವುಗಳನ್ನು ಒಪ್ಪುವುದನ್ನು ರಾಜ್ಯಗಳ ಇಚ್ಛೆಗೇ ಬಿಟ್ಟಿತು. ಎರಡನೆಯದು ರಕ್ತದಿಂದ ಹರಡುವ ಸೋಂಕು. ಫ್ಲಾರಿಡಾದ ದಂತವೈದ್ಯರೊಬ್ಬರ ಚಿಕಿತ್ಸಾಲಯದಲ್ಲಿ ರೋಗಿಗೆ ಎಚ್‌ಐವಿ ತಗುಲಿರುವ ಸಾಧ್ಯತೆ 1990ರಲ್ಲಿ ವರದಿಯಾದಾಗ ದೇಶವೇ ಬೆಚ್ಚಿತು. ಮರುವರ್ಷ ಒಕ್ಕೂಟದ ಕಾರ್ಮಿಕ ಸುರಕ್ಷತಾ ಇಲಾಖೆ ಹೊರಡಿಸಿದ ನಿಯಮ, ರಕ್ತದ ಸಂಪರ್ಕಕ್ಕೆ ಬರುವ ಪ್ರತಿಯೊಬ್ಬ ಉದ್ಯೋಗಿಗೂ ತರಬೇತಿ ಮತ್ತು ಮಾಲೀಕರ ಖರ್ಚಿನಲ್ಲೇ ಹೆಪಟೈಟಿಸ್-ಬಿ ಲಸಿಕೆ ಸಿಗಬೇಕೆಂದಿತು. ಪರವಾನಗಿ ಕಾನೂನು ತಲುಪದಿದ್ದ ಸಹಾಯಕರನ್ನು ಕಾರ್ಮಿಕ ಕಾನೂನು ತಲುಪಿತು.

ಇಂದಿನ ಚಿತ್ರದಲ್ಲಿ ಕ್ಯಾಲಿಫೋರ್ನಿಯಾ ಅತಿ ವಿವರವಾದದ್ದು. ಅಲ್ಲಿ ಪರವಾನಗಿಯಿಲ್ಲದ ಸಹಾಯಕ, ನೋಂದಾಯಿತ ಸಹಾಯಕ, ವಿಸ್ತೃತ ಕಾರ್ಯಗಳ ನೋಂದಾಯಿತ ಸಹಾಯಕ ಎಂಬ ಮೂರು ಮೆಟ್ಟಿಲುಗಳಿವೆ. ಕೆಳಗಿನ ಮೆಟ್ಟಿಲಿನವರಿಗೂ 8 ಗಂಟೆಗಳ ಸೋಂಕು ನಿಯಂತ್ರಣ ಕೋರ್ಸು, 2 ಗಂಟೆಗಳ ಕಾನೂನು ಪರಿಚಯ ಮತ್ತು ಜೀವರಕ್ಷಕ ತರಬೇತಿ ಬೇಕು. ಎರಡನೆಯ ಮೆಟ್ಟಿಲಿಗೆ ಅನುಮೋದಿತ ತರಬೇತಿ, ಇಲ್ಲವೇ ಕನಿಷ್ಠ 15 ತಿಂಗಳುಗಳಲ್ಲಿ 1,280 ಗಂಟೆಗಳ ಅನುಭವ, ಅದರ ಮೇಲೆ ಲಿಖಿತ ಪರೀಕ್ಷೆ. ಟೆಕ್ಸಸ್‌ನಲ್ಲಿ ಎಕ್ಸ್-ರೇ ತೆಗೆಯಲು ನೋಂದಣಿ ಬೇಕು. ವಾಷಿಂಗ್ಟನ್ ರಾಜ್ಯ 2008ರಿಂದ ಎಲ್ಲ ಸಹಾಯಕರ ನೋಂದಣಿಯನ್ನು ಕಡ್ಡಾಯಗೊಳಿಸಿ, ವಿಸ್ತೃತ ಕಾರ್ಯಗಳಿಗೆ ಪ್ರತ್ಯೇಕ ಪರವಾನಗಿಯನ್ನು ಇಟ್ಟಿದೆ.

ಈ ನಿಯಮಗಳನ್ನು ಬರೆಯುವ ರಾಜ್ಯ ದಂತ ಮಂಡಳಿಗಳಲ್ಲಿ ಯಾರಿದ್ದಾರೆ ಎಂಬುದೂ ಮುಖ್ಯ. ಹಲ್ಲು ಬಿಳುಪುಗೊಳಿಸುವ ವ್ಯಾಪಾರವನ್ನು ತಡೆದ ಪ್ರಕರಣವೊಂದರಿಂದ 2015ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ನಾರ್ತ್ ಕ್ಯಾರೊಲಿನಾ ಮಂಡಳಿಯ ಎಂಟು ಸದಸ್ಯರಲ್ಲಿ ಆರು ಮಂದಿ ವೃತ್ತಿನಿರತ ದಂತವೈದ್ಯರು, ಒಬ್ಬರು ಹೈಜೀನಿಸ್ಟ್, ಒಬ್ಬರು ಸಾರ್ವಜನಿಕ ಪ್ರತಿನಿಧಿ. ವೃತ್ತಿನಿರತರೇ ತುಂಬಿದ ಮಂಡಳಿಗೆ ರಾಜ್ಯದ ಸಕ್ರಿಯ ಮೇಲ್ವಿಚಾರಣೆ ಇಲ್ಲದಿದ್ದರೆ ಏಕಸ್ವಾಮ್ಯ ವಿರೋಧಿ ಕಾನೂನಿನಿಂದ ರಕ್ಷಣೆಯಿಲ್ಲವೆಂದು ಬಹುಮತದ ತೀರ್ಪು ಹೇಳಿತು. ಇಂತಹ ಮಂಡಳಿಯಲ್ಲಿ ಸಹಾಯಕರಿಗೆ ಆಸನವೇ ಇರಲಿಲ್ಲ. ಅವರ ಅರ್ಹತೆಯನ್ನು ನಿರ್ಧರಿಸುತ್ತಿದ್ದವರು ಬಹುಮಟ್ಟಿಗೆ ಅವರಿಗೆ ಸಂಬಳ ಕೊಡುವ ವರ್ಗದವರೇ. ವಿಕಿರಣ ಮತ್ತು ಸೋಂಕು ರಾಜ್ಯದ ಗಡಿಯನ್ನು ನೋಡಿ ಬದಲಾಗುವುದಿಲ್ಲವಾದ್ದರಿಂದ, ಈ ಎರಡರ ಕನಿಷ್ಠ ತರಬೇತಿಯಾದರೂ ದೇಶಕ್ಕೆಲ್ಲ ಒಂದೇ ಆಗಿರಬೇಕಿತ್ತು.

ಭಾರತದಲ್ಲಿ 1948ರ ದಂತವೈದ್ಯರ ಕಾಯ್ದೆ ದಂತವೈದ್ಯರ ಜೊತೆಗೆ ಹೈಜೀನಿಸ್ಟರನ್ನೂ ಕೃತಕ ಹಲ್ಲು ತಯಾರಿಸುವ ದಂತ ಮೆಕ್ಯಾನಿಕರನ್ನೂ ನೋಂದಣಿಗೆ ಒಳಪಡಿಸಿತೇ ಹೊರತು, ಕುರ್ಚಿಯ ಪಕ್ಕದ ಸಹಾಯಕರಿಗೆ ಪ್ರತ್ಯೇಕ ಪಟ್ಟಿಯನ್ನು ಮಾಡಲಿಲ್ಲ. ಹೀಗಾಗಿ ಕರ್ನಾಟಕದ ಚಿಕಿತ್ಸಾಲಯಗಳಲ್ಲೂ ಅವರನ್ನು ಕಾಪಾಡುವುದು ಅಪಾಯವನ್ನೇ ಗುರಿಯಾಗಿಸಿಕೊಂಡ ಇತರ ನಿಯಮಗಳು: 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಎಲ್ಲ ಆರೋಗ್ಯ ಕಾರ್ಯಕರ್ತರಿಗೂ ಕೆಲಸಕ್ಕೆ ಸೇರುವಾಗ ಮತ್ತು ವರ್ಷಕ್ಕೊಮ್ಮೆ ತರಬೇತಿ, ಜೊತೆಗೆ ಹೆಪಟೈಟಿಸ್-ಬಿ ಲಸಿಕೆ ಕೊಡಿಸುವುದು ಸಂಸ್ಥೆಯ ಹೊಣೆ. ಅಮೆರಿಕಕ್ಕೆ ವಲಸೆ ಹೋದ ಕನ್ನಡಿಗ ಬಿಡಿಎಸ್ ಪದವೀಧರರಿಗೆ ಅಲ್ಲಿನ ನಿಯಮಗಳು ನೇರವಾಗಿ ತಟ್ಟುತ್ತವೆ. ಅವರ ಪದವಿ ಅಲ್ಲಿ ದಂತವೈದ್ಯರಾಗಿ ಕೆಲಸ ಮಾಡಲು ಸಾಲದಿದ್ದರೂ, ಹೊರದೇಶದ ದಂತವೈದ್ಯ ಪದವಿಯನ್ನು ಡ್ಯಾನ್‌ಬಿ ತನ್ನ ಪರೀಕ್ಷೆಗೆ ಅರ್ಹತೆಯೆಂದು ಒಪ್ಪುತ್ತದೆ. ಅದನ್ನು ಪಾಸಾದ ಮೇಲೂ, ಕೆಲಸ ಮಾಡಬೇಕೆಂದಿರುವ ರಾಜ್ಯ ಎಕ್ಸ್-ರೇಗೆ ಏನು ಕೇಳುತ್ತದೆ, ಹೊಳಪು ಕೊಡುವುದಕ್ಕೆ ಏನು ಕೇಳುತ್ತದೆ ಎಂಬುದನ್ನು ಅವರು ಕೆಲಸಕ್ಕೊಂದರಂತೆ ಬೇರೆ ಬೇರೆಯಾಗಿ ಪೂರೈಸಬೇಕಾಗುತ್ತದೆ.