ತೇಪೆ ಮತ್ತು ಹೆಸರು: ಸರ್ವರ್ ತಂತ್ರಾಂಶದ ಚರಿತ್ರೆಯಲ್ಲಿ ಸಾಮುದಾಯಿಕ ಕರ್ತೃತ್ವ

ಒಂದು ಕೃತಿಗೆ ಹಲವು ಕೈಗಳು ಸೇರುವುದು, ಅದು ಸಾಗಿದಂತೆಲ್ಲ ಪಾಠಾಂತರಗಳನ್ನು ಪಡೆಯುವುದು, ಕೊನೆಗೆ ಸಮುದಾಯದ ಸ್ವತ್ತಾಗಿ ಉಳಿಯುವುದು ಜಾನಪದದ ಮುಖ್ಯ ಲಕ್ಷಣಗಳೆಂದು ವಿದ್ವಾಂಸರು ಗುರುತಿಸುತ್ತ ಬಂದಿದ್ದಾರೆ. ಈ ಲಕ್ಷಣಗಳು ಅನಕ್ಷರಸ್ಥ ಸಮಾಜಗಳಿಗೆ ಮಾತ್ರ ಸೀಮಿತವೆಂಬ ಗ್ರಹಿಕೆಯನ್ನು ಮರುಪರಿಶೀಲಿಸಬೇಕಾಗಿದೆ. ಜಾಲತಾಣಗಳಿಗೂ ಮಿಂಚಂಚೆಗೂ ನೆಲೆ ಒದಗಿಸುವ ಸರ್ವರ್ ತಂತ್ರಾಂಶಗಳ ಚರಿತ್ರೆ ಈ ದೃಷ್ಟಿಯಿಂದ ಗಮನಾರ್ಹವಾದುದು.

ಅಂಚೆಯ ವ್ಯವಸ್ಥೆ ಮೊದಲು ರೂಪುಗೊಂಡಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ಎರಿಕ್ ಆಲ್‌ಮನ್ ರಚಿಸಿದ ಸೆಂಡ್‌ಮೇಲ್ 1983ರಲ್ಲಿ ಬಿಎಸ್‌ಡಿ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯ ಅಂಗವಾಗಿ ಹೊರಬಂದಿತು. ಅಂದಿನ ಜಾಲ ಬಹುಮಟ್ಟಿಗೆ ವಿಶ್ವವಿದ್ಯಾಲಯಗಳ, ಸಂಶೋಧಕರ ಚಿಕ್ಕ ವಲಯವಾಗಿತ್ತು. ಯಾರ ಅಂಚೆ ಬಂದರೂ ಅದನ್ನು ಮುಂದಿನ ಯಂತ್ರಕ್ಕೆ ತಲುಪಿಸುವುದು ಸರ್ವರಿನ ಧರ್ಮವೆನಿಸಿತ್ತು. ಹಳ್ಳಿಗಳ ಮುಯ್ಯಾಳು ಪದ್ಧತಿಯಂತೆ, ಇಂದು ಮಾಡಿದ ಉಪಕಾರ ನಾಳೆ ಮರಳುವುದೆಂಬ ನಂಬಿಕೆಯೇ ಇದರ ತಳಹದಿ. 1988ರ ನವೆಂಬರಿನಲ್ಲಿ ಹರಡಿದ ಮಾರಿಸ್ ವರ್ಮ್, ಸೆಂಡ್‌ಮೇಲ್‌ನಲ್ಲಿ ತೆರೆದೇ ಉಳಿದಿದ್ದ ದೋಷಪರೀಕ್ಷೆಯ ಸೌಲಭ್ಯವನ್ನೂ ಒಳದಾರಿಯಾಗಿ ಬಳಸಿತು. ವಾಣಿಜ್ಯ ಬಳಕೆದಾರರು ಜಾಲಕ್ಕೆ ಬಂದ ಮೇಲೆ ಜಾಹೀರಾತಿನ ಅಂಚೆಗಳು ಪರರ ಯಂತ್ರಗಳ ಮೂಲಕ ಹರಿಯತೊಡಗಿದವು. 1998ರ ಸೆಂಡ್‌ಮೇಲ್ 8.9ನೇ ಆವೃತ್ತಿ, ನಿರ್ವಾಹಕರು ಅನುಮತಿಸದ ಹೊರತು ಪರರ ಅಂಚೆಯನ್ನು ಸಾಗಿಸಲು ನಿರಾಕರಿಸಿತು. ಪರಿಚಯದ ನಂಬಿಕೆಯಿದ್ದ ಕಡೆಗೆ ನಿಯಮ ಬಂದುದರ ಕುರುಹಿದು.

ಜಾಲತಾಣದ ಸರ್ವರ್ ಬೇರೆ ದಾರಿಯಲ್ಲಿ ಬೆಳೆಯಿತು. ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲ್ ರಚಿಸಿದ ತಂತ್ರಾಂಶವು ಅವರು 1994ರಲ್ಲಿ ಕೇಂದ್ರವನ್ನು ಬಿಟ್ಟ ಬಳಿಕ ಪೋಷಕರಿಲ್ಲದಂತಾಯಿತು. ಅದನ್ನು ಬಳಸುತ್ತಿದ್ದ ನಿರ್ವಾಹಕರು ತಮ್ಮ ತಮ್ಮಲ್ಲೇ ದೋಷಗಳಿಗೆ ತೇಪೆ ಹಾಕಿಕೊಂಡಿದ್ದರು. 1995ರ ಫೆಬ್ರವರಿಯಲ್ಲಿ ಎಂಟು ಮಂದಿ ಈ ತೇಪೆಗಳನ್ನು ಮಿಂಚಂಚೆಯ ಮೂಲಕವೇ ಒಟ್ಟುಗೂಡಿಸತೊಡಗಿದರು. ಅದೇ ವರ್ಷದ ಡಿಸೆಂಬರ್ 1ರಂದು ಅಪಾಚೆ 1.0 ಹೊರಬಂದಿತು, 1996ರಲ್ಲಿ ಅದು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿದ್ದ ಜಾಲ ಸರ್ವರ್ ಆಯಿತು. ಅದೇ ವರ್ಷ ಮೈಕ್ರೋಸಾಫ್ಟ್ ಸಂಸ್ಥೆ ತನ್ನ ಜಾಲ ಸರ್ವರನ್ನು ವಿಂಡೋಸ್ ಎನ್‌ಟಿ 4.0 ಜೊತೆಗೆ ನೀಡಿತು. ಆದರೆ ಅದರ ಮೂಲಪಠ್ಯ ಸಂಸ್ಥೆಯ ಒಡೆತನದಲ್ಲೇ ಉಳಿಯಿತು. ಅಪಾಚೆಯ ಮೂಲಪಠ್ಯವನ್ನು ಯಾರು ಬೇಕಾದರೂ ಓದಬಹುದಿತ್ತು, ತಿದ್ದಬಹುದಿತ್ತು.

ಮೊದಲಲ್ಲಿ ಒಂದೊಂದು ತಾಣಕ್ಕೂ ಪ್ರತ್ಯೇಕ ಅಂಕೀಯ ವಿಳಾಸ ಬೇಕಾಗಿತ್ತು. ಕೋರಿಕೆಯೊಡನೆ ತಾಣದ ಹೆಸರನ್ನೂ ಕಳುಹಿಸಬೇಕೆಂದು 1997ರ ಎಚ್‌ಟಿಟಿಪಿ 1.1 ವಿಧಿಸಿತು. ಒಂದೇ ತಲೆಬಾಗಿಲಿನ ವಠಾರದಲ್ಲಿ ಹಲವು ಸಂಸಾರಗಳಿರುವಂತೆ, ಒಂದೇ ಯಂತ್ರದಲ್ಲಿ, ಒಂದೇ ವಿಳಾಸದಲ್ಲಿ ನೂರಾರು ತಾಣಗಳು ನೆಲೆಸಲು ಇದರಿಂದ ಸಾಧ್ಯವಾಯಿತು. ಹಣಬಲವಿಲ್ಲದ ಚಿಕ್ಕ ಸಂಸ್ಥೆಗಳಿಗೂ ಜಾಲದಲ್ಲಿ ಎಡೆ ದೊರೆಯಿತು.

ಅಪಾಚೆ ಎಂಬ ಹೆಸರಿನ ಕುರಿತ ಐತಿಹ್ಯ ಇನ್ನೂ ಕುತೂಹಲಕರ. ತೇಪೆಗಳ ಸರ್ವರ್ ಎಂಬ ಅರ್ಥದ ಇಂಗ್ಲಿಷ್ ನುಡಿಯಿಂದ ಈ ಹೆಸರು ಹುಟ್ಟಿತೆಂಬ ವಿವರಣೆ ವ್ಯಾಪಕವಾಗಿ ಹಬ್ಬಿದೆ. ಅಮೆರಿಕದ ಮೂಲನಿವಾಸಿಗಳಾದ ಅಪಾಚೆ ಜನರ ಮೇಲಣ ಗೌರವದಿಂದ ಇದನ್ನು ಆರಿಸಲಾಯಿತೆಂದು ಸ್ಥಾಪಕರಲ್ಲೊಬ್ಬರಾದ ಬ್ರಯಾನ್ ಬೆಹ್ಲೆಂಡಾರ್ಫ್ ಹೇಳಿದ್ದಾರೆ. ಮೂರು ದಶಕವೂ ತುಂಬದ ಅವಧಿಯಲ್ಲಿ, ಬರಹದ ದಾಖಲೆಗಳ ನಡುವೆಯೇ, ಒಂದು ಹೆಸರಿಗೆ ಎರಡು ನಿರುಕ್ತಿಗಳು ಬೆಳೆದು ನಿಂತವು. 2023ರಲ್ಲಿ ನೇಟಿವ್ಸ್ ಇನ್ ಟೆಕ್ ಎಂಬ ಮೂಲನಿವಾಸಿಗಳ ಸಂಘಟನೆ ಈ ಹೆಸರನ್ನು ಕೈಬಿಡುವಂತೆ ಅಪಾಚೆ ಪ್ರತಿಷ್ಠಾನವನ್ನು ಒತ್ತಾಯಿಸಿತು. ಗೌರವವೆಂದು ಹೆಸರಿಟ್ಟವರು ಭಾವಿಸಿದ್ದು ಆ ಸಂಘಟನೆಗೆ ಅಪಹರಣವಾಗಿ ಕಂಡಿತ್ತು.

ಇಲ್ಲಿನ ವೈರುಧ್ಯ ಜಾನಪದ ಅಧ್ಯಯನಕ್ಕೆ ಅಪರಿಚಿತವಲ್ಲ. ತಮ್ಮ ದುಡಿಮೆಯನ್ನು ಎಲ್ಲರ ಸ್ವತ್ತಾಗಿಸಿದ ಗುಂಪು, ಅದರ ಬಳಕೆಯ ನಿಯಮಗಳನ್ನು ಪರವಾನಗಿಯಲ್ಲಿ ಸ್ಪಷ್ಟವಾಗಿ ಬರೆದಿಟ್ಟಿದೆ. ಜನಸಮುದಾಯಗಳ ಹೆಸರು, ಹಾಡು, ಕಸೂತಿಗಳಿಗೆ ಅಂತಹ ಪರವಾನಗಿಯ ಕಾವಲಿಲ್ಲ. ಸಾಮುದಾಯಿಕ ಕರ್ತೃತ್ವವನ್ನು ಕೊಂಡಾಡುವಾಗ ಅದು ಯಾವ ಸಮುದಾಯದ ಕರ್ತೃತ್ವ, ಯಾರ ಒಪ್ಪಿಗೆಯಿಂದ ಹಂಚಿಕೆಯಾಯಿತು ಎಂಬ ಪ್ರಶ್ನೆಯನ್ನೂ ಕೇಳಬೇಕೆಂಬುದನ್ನು ಸರ್ವರ್ ತಂತ್ರಾಂಶದ ಈ ಕಿರುಚರಿತ್ರೆ ಮನಗಾಣಿಸುತ್ತದೆ.