ಮದರಾಸಿನಿಂದ ವೆಲ್ಲೂರಿಗೆ ಹೋದ ರಕ್ತದ ಮಾದರಿಗಳು

ಏಡ್ಸ್ ಎಂದರೆ ಪರದೇಶದ ರೋಗ, ನಮ್ಮ ಕುಟುಂಬ ಪದ್ಧತಿಯೇ ನಮ್ಮನ್ನು ಕಾಯುತ್ತದೆ ಎಂಬ ನಂಬಿಕೆ 1985ರ ಹೊತ್ತಿಗೆ ಭಾರತದಲ್ಲಿ ಬಲವಾಗಿ ಬೇರೂರಿತ್ತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ನೂರಾರು ರಕ್ತದ ಮಾದರಿಗಳನ್ನು ಪರೀಕ್ಷಿಸಿದರೂ ಒಂದರಲ್ಲೂ ಸೋಂಕು ಸಿಕ್ಕಿರಲಿಲ್ಲ. ಅಂಥ ಹೊತ್ತಿನಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನ ಸೂಕ್ಷ್ಮಜೀವಿಶಾಸ್ತ್ರದ ಪ್ರಾಧ್ಯಾಪಕಿ ಸುನೀತಿ ಸಾಲೊಮನ್ ತಮ್ಮ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾಗೆ ಒಂದು ವಿಷಯ ಕೊಟ್ಟರು: ಮದರಾಸಿನಲ್ಲಿ ಎಚ್‌ಐವಿ ಇದೆಯೇ, ಹುಡುಕಿ ನೋಡು.

ನಿರ್ಮಲಾಗೆ ಆಗ 32 ವರ್ಷ. ಸಣ್ಣ ಊರಿನಿಂದ, ಸಂಪ್ರದಾಯಸ್ಥ ಮನೆಯಿಂದ ಬಂದವರು. ಮೊದಲು ಹಿಂಜರಿದರು, ಗಂಡ ಧೈರ್ಯ ಹೇಳಿದ ಮೇಲೆ ಒಪ್ಪಿಕೊಂಡರು. ಮುಂಬೈಯಲ್ಲಿರುವಂತೆ ಮದರಾಸಿನಲ್ಲಿ ಲೈಂಗಿಕ ಕಾರ್ಯಕರ್ತೆಯರ ಪ್ರತ್ಯೇಕ ಕೇರಿ ಇರಲಿಲ್ಲ, ಹಾಗಾಗಿ ಯಾರನ್ನು ಎಲ್ಲಿ ಹುಡುಕುವುದು ಎಂಬುದೇ ತಿಳಿಯದು. ಸರ್ಕಾರಿ ಆಸ್ಪತ್ರೆಯಲ್ಲಿ ಗುಹ್ಯರೋಗಗಳಿಗೆ ಚಿಕಿತ್ಸೆ ಪಡೆಯಲು ಬರುತ್ತಿದ್ದ ಒಬ್ಬಿಬ್ಬರು ಹೆಂಗಸರ ಪರಿಚಯ ಮಾಡಿಕೊಂಡರು. ಅವರ ಮೂಲಕ ಇನ್ನಷ್ಟು ಮಂದಿ ಸಿಕ್ಕರು. ಅವರಲ್ಲಿ ಹಲವರ ವಿಳಾಸದ ಜಾಗದಲ್ಲಿ ‘ವಿ ಹೋಮ್’ ಎಂದು ಬರೆದಿತ್ತು. ವಿಚಾರಿಸಿದಾಗ ಅದು ವಿಜಿಲೆನ್ಸ್ ಹೋಮ್, ಪೊಲೀಸರು ಹಿಡಿದು ತಂದ ಹೆಂಗಸರನ್ನು ಇರಿಸುವ ಜಾಗ ಎಂದು ಗೊತ್ತಾಯಿತು.

ಮೂರು ತಿಂಗಳಲ್ಲಿ 80ಕ್ಕೂ ಹೆಚ್ಚು ಮಾದರಿಗಳು ಸೇರಿದವು. ಕೈಗವಸು ಇರಲಿಲ್ಲ, ಬೇರೆ ಯಾವ ರಕ್ಷಣೆಯೂ ಇರಲಿಲ್ಲ. ರಕ್ತದಿಂದ ಸೀರಮ್ ಬೇರ್ಪಡಿಸಲು ಸಾಲೊಮನ್ ದಂಪತಿ ಸಿಕ್ಕಿದ ಸಲಕರಣೆಗಳಲ್ಲೇ ಸಣ್ಣದೊಂದು ಪ್ರಯೋಗಾಲಯ ಸಜ್ಜುಮಾಡಿದರು. ಸೀರಮ್ ಇಡಲು ಬೇರೆ ಅನುಕೂಲವಿಲ್ಲದೆ ನಿರ್ಮಲಾ ಅದನ್ನು ತಮ್ಮ ಮನೆಯ ಫ್ರಿಜ್ಜಿನಲ್ಲೇ ಇಟ್ಟರು. ಎಚ್‌ಐವಿ ಪತ್ತೆಮಾಡುವ ಎಲೈಸಾ ಪರೀಕ್ಷೆಯ ಸೌಲಭ್ಯ ಮದರಾಸಿನಲ್ಲಿ ಇರಲಿಲ್ಲ. 1986ರ ಫೆಬ್ರುವರಿಯಲ್ಲಿ ನಿರ್ಮಲಾ ಮತ್ತು ಅವರ ಗಂಡ ಮಾದರಿಗಳನ್ನು ಐಸ್ ಡಬ್ಬಿಯಲ್ಲಿಟ್ಟುಕೊಂಡು ರಾತ್ರಿ ರೈಲು ಹತ್ತಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಹೋದರು. ಅಲ್ಲಿ ಡಾ. ಜೇಕಬ್ ಜಾನ್ ಅವರ ವಿಭಾಗದಲ್ಲಿ ಪರೀಕ್ಷೆ ನಡೆಯಿತು. ಆರು ಮಾದರಿಗಳು ಸೋಂಕಿನ ಗುರುತಾದ ಹಳದಿ ಬಣ್ಣಕ್ಕೆ ತಿರುಗಿದವು. ಮತ್ತೊಮ್ಮೆ ಪರೀಕ್ಷಿಸಿದರೂ ಅದೇ ಫಲಿತಾಂಶ. ಆ ಆರು ಹೆಂಗಸರಿಂದ ಮತ್ತೆ ರಕ್ತ ತೆಗೆದು ಅಮೆರಿಕಕ್ಕೆ ಕಳುಹಿಸಲಾಯಿತು, ಅಲ್ಲಿಯೂ ಸೋಂಕು ದೃಢಪಟ್ಟಿತು.

ಅದೇ ವರ್ಷ ಮೇ ತಿಂಗಳಲ್ಲಿ ತಮಿಳುನಾಡಿನ ಆರೋಗ್ಯ ಸಚಿವ ಎಚ್.ವಿ. ಹಂದೆ ವಿಧಾನಸಭೆಯಲ್ಲಿ ಈ ಸುದ್ದಿ ಪ್ರಕಟಿಸಿದರು. ಪರೀಕ್ಷೆಯಲ್ಲೇ ಏನೋ ತಪ್ಪಾಗಿರಬೇಕು ಎಂದವರೂ ಇದ್ದರು.

ಈ ಶೋಧ ದೇಶಕ್ಕೆ ದೊಡ್ಡ ಉಪಕಾರ ಮಾಡಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ಕಾಯಿಲೆಗಾಗಿ ರಕ್ತ ತೆಗೆಯುತ್ತಿದ್ದಾರೆ ಎಂಬುದನ್ನು ಆ ಹೆಂಗಸರಿಗೆ ಹೇಳಿರಲಿಲ್ಲ. ಆ ಕಾಲದ ವೈದ್ಯಕೀಯ ರೂಢಿ ಹಾಗಿತ್ತು. ಮುಂದೆ ನಡೆದದ್ದು ಇನ್ನೂ ಕಠೋರ. ಸೋಂಕಿದೆ ಎಂದು ಗೊತ್ತಾದ ಹೆಂಗಸರನ್ನು ಶಿಕ್ಷೆಯ ಅವಧಿ ಮುಗಿದ ಮೇಲೂ ತಮಿಳುನಾಡು ಸರ್ಕಾರ ವಿಜಿಲೆನ್ಸ್ ಹೋಮಿನಲ್ಲೇ ಇರಿಸಿಕೊಂಡಿತು. ಪತ್ರಕರ್ತೆ ಶ್ಯಾಮಲಾ ನಟರಾಜ್ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ, 1990ರಲ್ಲಿ, ಅವರು ಹೊರಬಂದರು. ಈ ಹೆಂಗಸರ ಬಳಿಗೆ ಬಂದ ಗಂಡಸರನ್ನು ಯಾರೂ ಹುಡುಕಲಿಲ್ಲ, ಕೂಡಿಹಾಕಲೂ ಇಲ್ಲ.

ಗೋವಾದಲ್ಲಿ ಕಾನೂನೇ ಜೈಲಾಯಿತು. ಸೋಂಕಿತರನ್ನು ಪ್ರತ್ಯೇಕವಾಗಿ ಇರಿಸಲು ಅವಕಾಶವಿದ್ದ ಅಲ್ಲಿನ ಸಾರ್ವಜನಿಕ ಆರೋಗ್ಯ ಕಾಯ್ದೆಯ ಪ್ರಕಾರ 1989ರಲ್ಲಿ ಡೊಮಿನಿಕ್ ಡಿಸೋಜ ಎಂಬ ಯುವಕನನ್ನು ಪೊಲೀಸರು ಕರೆದೊಯ್ದರು. ಆತ ತಪ್ಪದೆ ರಕ್ತದಾನ ಮಾಡುತ್ತಿದ್ದವ. ಸೋಂಕು ಬಯಲಾದದ್ದೂ ಆ ದಾನದಿಂದಲೇ. ಮಾಪುಸಾದಲ್ಲಿ ಬಳಕೆ ತಪ್ಪಿದ್ದ ಕ್ಷಯರೋಗ ಆಸ್ಪತ್ರೆಯಲ್ಲಿ 64 ದಿನ ಒಬ್ಬಂಟಿಯಾಗಿ ಕಳೆದ. ತಾಯಿ ಲೂಸಿ ಡಿಸೋಜ ಹೈಕೋರ್ಟಿಗೆ ಹೋದರು. ಮಗ ಮನೆಗೆ ಮರಳಿದ, ಆದರೆ ಕೋರ್ಟು ಕೊನೆಗೆ ಕಾಯ್ದೆಯನ್ನೇ ಎತ್ತಿಹಿಡಿಯಿತು. ಸೋಂಕಿತರಿಗಾಗಿ ‘ಪಾಸಿಟಿವ್ ಪೀಪಲ್’ ಸಂಸ್ಥೆ ಕಟ್ಟಿದ ಡೊಮಿನಿಕ್ 1992ರಲ್ಲಿ ತೀರಿಕೊಂಡ. ‘ಮೈ ಬ್ರದರ್ ನಿಖಿಲ್’ ಸಿನಿಮಾಕ್ಕೆ ಪ್ರೇರಣೆ ಅವನ ಬದುಕೇ.

ಔಷಧಿಯ ಕಥೆಯಲ್ಲೂ ನೋವಿದೆ. 1996ರ ಹೊತ್ತಿಗೆ ಮೂರು ಔಷಧಿಗಳ ಜೋಡಣೆ ಸಾವನ್ನು ತಡೆಯುತ್ತದೆ ಎಂಬುದು ಸಾಬೀತಾಯಿತು, ಆದರೆ ಅದರ ಖರ್ಚು ವರ್ಷಕ್ಕೆ ಒಬ್ಬರಿಗೆ 10,000 ಡಾಲರಿಗೂ ಹೆಚ್ಚು. 2001ರ ಫೆಬ್ರುವರಿಯಲ್ಲಿ ಮುಂಬೈನ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅದೇ ಚಿಕಿತ್ಸೆಯನ್ನು ಒಂದು ಸೇವಾಸಂಸ್ಥೆಗೆ ಒಬ್ಬರಿಗೆ ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆಂದರು. ಆಫ್ರಿಕದಲ್ಲಿ ಲಕ್ಷಾಂತರ ಜೀವಗಳು ಉಳಿಯಲು ಇಂಥ ಭಾರತದ ಗುಳಿಗೆಗಳು ಕಾರಣವಾದವು. ಭಾರತದ ಬಡವರಿಗೆ ಮಾತ್ರ ಎಆರ್‌ಟಿ ಎಂದು ಕರೆಯುವ ಈ ಚಿಕಿತ್ಸೆ ಸರ್ಕಾರದಿಂದ ಉಚಿತವಾಗಿ ಸಿಕ್ಕಿದ್ದು 2004ರ ಏಪ್ರಿಲ್‌ನಿಂದ. ಸೋಂಕು ಹೆಚ್ಚಿದ್ದ ಆರು ರಾಜ್ಯಗಳಿಂದ ಅದು ಶುರುವಾಯಿತು, ಕರ್ನಾಟಕ ಅವುಗಳಲ್ಲಿ ಒಂದು. ಮೂರು ವರ್ಷ ಕಾದು ಕೂತ ಹೊತ್ತಿನಲ್ಲಿ ಎಷ್ಟೋ ಮನೆಗಳ ದೀಪ ಆರಿಹೋಗಿತ್ತು.

ಕರ್ನಾಟಕದ ಅನುಭವ ಬೇರೊಂದು ದಾರಿ ತೋರಿಸಿತು. ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ದೇವದಾಸಿ ಪದ್ಧತಿಯ ಬಲೆಗೆ ಬಿದ್ದ ಕುಟುಂಬಗಳಿಗೆ ಈ ರೋಗದ ಪೆಟ್ಟು ಜೋರಾಗಿ ಬಿದ್ದಿತ್ತು. ಮುತ್ತು ಕಟ್ಟುವುದನ್ನು 1982ರ ಕಾಯ್ದೆ ನಿಷೇಧಿಸಿದ್ದರೂ ಬಡತನ ಕಾಯ್ದೆ ಓದಿ ನಡೆಯುವುದಿಲ್ಲ. ಮೈಸೂರಿನಲ್ಲಿ 2004ರ ನಂತರ ಲೈಂಗಿಕ ಕಾರ್ಯಕರ್ತೆಯರೇ ಒಟ್ಟುಗೂಡಿ ‘ಆಶೋದಯ ಸಮಿತಿ’ ಕಟ್ಟಿಕೊಂಡರು. ಪೊಲೀಸರ ಹೊಡೆತ ನಿಲ್ಲಿಸುವುದು, ಕ್ಲಿನಿಕ್ಕಿಗೆ ಜೊತೆಗಾತಿಯಾಗಿ ಹೋಗುವುದು, ಕಾಂಡೋಮ್ ಇಲ್ಲದೆ ಒಪ್ಪದಂತೆ ಒಬ್ಬರಿಗೊಬ್ಬರು ಬಲ ತುಂಬುವುದು ಎಲ್ಲವೂ ಅವರದೇ ಕೆಲಸ. ಕಾಂಡೋಮ್ ಬಳಕೆ ಏರಿತು, ಸಿಫಿಲಿಸ್ ಇಳಿಯಿತು. ಕೂಡಿಹಾಕಿದ್ದರಿಂದ ಆಗದ ಕೆಲಸ ಈ ಹೆಂಗಸರ ಒಗ್ಗಟ್ಟಿನಿಂದ ಆಯಿತು.

ಇಂದು ದೇಶದಲ್ಲಿ ಸುಮಾರು 25 ಲಕ್ಷ ಮಂದಿ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ದಿನವೂ ತಪ್ಪದೆ ಗುಳಿಗೆ ನುಂಗಿ, ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಕಡಿಮೆಯಾದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಇಷ್ಟಾದರೂ ಬಾಡಿಗೆ ಮನೆ, ಕೆಲಸ, ಮದುವೆಯ ಮಾತು ಬಂದಾಗ ಹಳೆಯ ಭಯವೇ ಬಾಗಿಲು ಹಾಕುತ್ತದೆ.

2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯ ಪ್ರಕಾರ, ವ್ಯಕ್ತಿಗೆ ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ. ಸೋಂಕಿನ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಮಕ್ಕಳನ್ನು ಶಾಲೆಯಿಂದ ಹೊರಗಿಡುವಂತಿಲ್ಲ, ಚಿಕಿತ್ಸೆ ನಿರಾಕರಿಸುವಂತಿಲ್ಲ. ನಿಮ್ಮ ಪರಿಚಯದವರಿಗೆ ಇಂಥದ್ದೇನಾದರೂ ಆಗಿದ್ದರೆ ಈ ಕಾಯ್ದೆಯ ವಿಷಯ ಅವರಿಗೆ ತಿಳಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಎಆರ್‌ಟಿ ಚಿಕಿತ್ಸೆಯೂ ಉಚಿತ. ಮಾಹಿತಿಗೆ 1097ಕ್ಕೆ ಕರೆ ಮಾಡಬಹುದು, ಅದಕ್ಕೂ ದುಡ್ಡಿಲ್ಲ.